ಎಣಿಸದ ರಾಗಿ

"ಇವತ್ತೂ ಬರಲಿಲ್ವಾ?" ಭಾರ್ಗವಿ ಗೇಟಿನ ಕಿಂಡಿಯ ಬಳಿ ನಿಂತು ಸ್ವಾಹಿಲಿಯಲ್ಲಿ ಕೇಳಿದಳು.

ಕಾವಲಿನ ಮುಟಿಸ್ಯಾ ಚಹಾದ ಮಗ್ಗು ಕೆಳಗಿಟ್ಟ. "ಇಲ್ಲ ಮಾಮಾ. ಬೆಳಗಿಂದ ಎಷ್ಟು ಸಲ ಕೇಳ್ತೀರಿ? ಗೇಟಿಗೇ ಬೇಸರ ಬಂದಿದೆ." ಮಾಮಾ ಅಂದರೆ ಅಲ್ಲಿಯವರ ಬಾಯಲ್ಲಿ ಅಮ್ಮಾ.

ದೇಶ ಬಿಟ್ಟು ರುಂಡಾ ಬಡಾವಣೆಯ ಆ ಮನೆಗೆ ಅವಳು ಬಂದು ಹದಿನಾಲ್ಕು ತಿಂಗಳಾಗಿತ್ತು. ಗಂಡ ರಮಾನಂದ ನೆರವು ಸಂಸ್ಥೆಯ ಕೆಲಸವೆಂದು ತಿಂಗಳಲ್ಲಿ ಅರ್ಧ ಉತ್ತರದ ಬರಡು ಸೀಮೆಯಲ್ಲಿ. ಕಾರೂ ಡ್ರೈವರೂ ಅವನ ಹಿಂದೆಯೇ. ಅವಳ ವೀಸಾದಲ್ಲಿ ದುಡಿಯುವ ಹಾಗಿಲ್ಲ, ಸಂಸ್ಥೆಯ ನಿಯಮದಲ್ಲಿ ಒಬ್ಬಳೇ ನಡೆದು ಹೊರಗೆ ಹೋಗುವ ಹಾಗಿಲ್ಲ. "ಕಾಂಪೌಂಡ್ ಎಷ್ಟು ದೊಡ್ಡದಿದೆ ನೋಡೇ, ಅಲ್ಲೇ ವಾಕ್ ಮಾಡು" ಎಂದಿದ್ದ. ಮಾಡಿದಳು. ಗಾಣದೆತ್ತೂ ಅಷ್ಟು ಸುತ್ತಿರಲಾರದು.

ಅಂಥ ಹೊತ್ತಿನಲ್ಲಿ ದೇವರು ಕಳಿಸಿದವಳು ನ್ಯಾಂಬುರಾ. ವಾರಕ್ಕೆ ಮೂರು ದಿನ ಮನೆಗೆಲಸಕ್ಕೆ ಬರುವ ಕಿಕುಯು ಬುಡಕಟ್ಟಿನ ಹೆಂಗಸು. ಹಿಂಬಾಗಿಲ ಕೀಲಿಯೂ ಅವಳ ಹತ್ತಿರವೇ. ಕೆಲಸ ಮುಗಿದರೆ ಇಬ್ಬರೂ ಅಡುಗೆಮನೆಯ ಮೆಟ್ಟಿಲ ಮೇಲೆ ಸೊಪ್ಪು ಸೋಸುತ್ತ ಕೂರುತ್ತಿದ್ದರು. ಒಂದು ಕನ್ನಡ ಪದ ಅತ್ತ, ಒಂದು ಸ್ವಾಹಿಲಿ ಪದ ಇತ್ತ. ಭಾರ್ಗವಿ ಎಡವಿದರೆ ನ್ಯಾಂಬುರಾ ಮೊಣಕೈಯಿಂದ ತಿವಿಯುವಳು.

"ಮೂರು ವರ್ಷದ ನನ್ನ ಮಗಳು ನಿನಗಿಂತ ಚೆನ್ನಾಗಿ ಮಾತಾಡ್ತಾಳೆ!"

"ಅವಳಿಗೆ ಕನ್ನಡ ಬರುತ್ತೇನು?"

"ಬರದೆ? ನಾನು ಗಂಜಿ ಬಡಿಸೋವಾಗ 'ಸಾಕು' ಅಂತಾಳೆ. ನೀನು ಕಲಿಸಿದ್ದು ನನ್ನ ಮನೇಲೂ ಕೆಲಸ ಮಾಡ್ತಿದೆ."

ಹೋದ ಗುರುವಾರ ನ್ಯಾಂಬುರಾ ಫೋನಿನಲ್ಲಿ ಒಂದು ಚಿತ್ರ ತೋರಿಸಿದ್ದಳು. ಇಗರ್ಜಿಯ ಬಟ್ಟೆ ತೊಟ್ಟು ಸಾಲಾಗಿ ನಿಂತ ಅವಳ ಮಕ್ಕಳು. ಅಂಕಿ ಕಲಿತ ಹುರುಪಿನಲ್ಲಿ ಭಾರ್ಗವಿ ಒಂದೊಂದು ತಲೆಯ ಮೇಲೂ ಬೆರಳಿಟ್ಟಳು: "ಮೋಜಾ, ಮ್ಬಿಲಿ, ಟಾಟು..." ಐದರವರೆಗೆ ತಪ್ಪಿಲ್ಲದೆ ಮುಟ್ಟಿ, ಗೆದ್ದ ಮಗುವಿನಂತೆ ತಲೆಯೆತ್ತಿದಳು. ನ್ಯಾಂಬುರಾ ಫೋನನ್ನು ಮೆಲ್ಲಗೆ ಹಿಂದಕ್ಕೆ ತೆಗೆದುಕೊಂಡು, ಸೋಸಿದ ಸೊಪ್ಪನ್ನೇ ಮತ್ತೆ ಸೋಸತೊಡಗಿದಳು. ಅಂದು ಹೋದವಳು ಮರಳಿರಲಿಲ್ಲ.

ಮುಟಿಸ್ಯಾ ಕೊನೆಗೆ ಬಾಯಿಬಿಟ್ಟ. "ನೀವು ಅವಳ ಮಕ್ಕಳನ್ನ ಎಣಿಸಿದ್ರಂತೆ. ನಾನು ಬೇರೆ ಬುಡಕಟ್ಟು, ಕಾಂಬಾದವನು, ನನಗೂ ಗೊತ್ತು. ಕಿಕುಯು ಜನ ಮಕ್ಕಳನ್ನೂ ಆಡನ್ನೂ ಎಣಿಸೋದಿಲ್ಲ. ಎಣಿಸಿದ್ದು ಕಡಿಮೆಯಾಗುತ್ತೆ ಅಂತಾರೆ. ಶುಕ್ರವಾರದಿಂದ ಸಣ್ಣವಳಿಗೆ ಜ್ವರ."

ಭಾರ್ಗವಿ ಗೇಟಿನ ಪಕ್ಕದ ಕಲ್ಲಿನ ಮೇಲೆ ಕೂತು ಗಂಡನಿಗೆ ಎಲ್ಲ ಹೇಳಿದಳು. ಫೋನಿನಲ್ಲಿ ರಮಾನಂದ ನಕ್ಕುಬಿಟ್ಟ. "ಫೀವರ್‌ಗೂ ಕೌಂಟಿಂಗ್‌ಗೂ ಏನೇ ಸಂಬಂಧ?"

"ಸಂಬಂಧ ಇಲ್ಲ ಅಂತ ನಂಗೂ ಗೊತ್ತು ರೀ. ಹತ್ತು ನಿಮಿಷದ ದಾರಿ, ಅವಳಿಗೊಂದು ಮಾತು ಹೇಳಿ ಬಂದ್ಬಿಡ್ತೀನಿ."

"ಭಾರ್ಗವಿ, ಪ್ಲೀಸ್. ಏನಾದ್ರೂ ಆದ್ರೆ ನನ್ನ ಪೋಸ್ಟಿಂಗ್‌ಗೇ ಪ್ರಾಬ್ಲಂ. ಏಜೆನ್ಸಿಯವರಿಗೆ ಹೇಳ್ತೀನಿ, ಬೇರೆ ಯಾರನ್ನಾದ್ರೂ ಕಳಿಸ್ತಾರೆ."

ಬೇರೆ ಯಾರನ್ನಾದರೂ. ಅವಳು ಎದ್ದು ಗೇಟಿನ ಅಗುಳಿಗೆ ಕೈಯಿಟ್ಟಳು. ಮುಟಿಸ್ಯಾ ಕಣ್ಣು ತಗ್ಗಿಸಿದ. "ನಿಮ್ಮನ್ನ ಬಿಟ್ರೆ ನನ್ನ ಕೆಲಸ ಹೋಗುತ್ತೆ, ಮಾಮಾ." ಕಬ್ಬಿಣ ಬಿಸಿಲಿಗೆ ಕಾದಿತ್ತು. ಕೈ ತೆಗೆದಳು. ಸಂಜೆ ದೇವರ ಮುಂದೆ ದೀಪ ಹಚ್ಚಿ, ಹೆಸರೂ ಸರಿಯಾಗಿ ಗೊತ್ತಿಲ್ಲದ ಆ ಮಗುವಿಗಾಗಿ ಕೈಮುಗಿದಳು.

ಮರುದಿನ ಮಧ್ಯಾಹ್ನ ನ್ಯಾಂಬುರಾ ಬಂದಳು, ಒಳಗಲ್ಲ, ಕಿಂಡಿಯವರೆಗೆ. ಬೆನ್ನಿಗೆ ಬಟ್ಟೆಯಲ್ಲಿ ಕಟ್ಟಿಕೊಂಡ ಮಗಳು ಕೆನ್ನೆ ಒರಗಿಸಿ ತೂಕಡಿಸುತ್ತಿದ್ದಳು. ಹಿಂಬಾಗಿಲ ಕೀಲಿಯನ್ನು ಕಿಂಡಿಯ ಅಂಚಿನಲ್ಲಿಟ್ಟಳು.

"ಜ್ವರ ಇಳೀತು. ನಾನು ಬೇರೆ ಕಡೆ ನೋಡ್ಕೊಳ್ತೀನಿ. ನೀನು ಕೆಟ್ಟವಳಲ್ಲ, ಮಾಮಾ. ಆದರೆ ಹೆತ್ತವಳಿಗೆ ಭಯ ಅನ್ನೋದೊಂದಿದೆ."

ಭಾರ್ಗವಿಯ ಹದಿನಾಲ್ಕು ತಿಂಗಳ ಸ್ವಾಹಿಲಿ ಎಲ್ಲಿಗೋ ಓಡಿಹೋಯಿತು. "ಪೋಲೆ" ಎಂದಳು. ಕ್ಷಮೆಗೆ ಆ ಪದ ತೀರ ಸಣ್ಣದೆನಿಸಿತು. "ನಿಲ್ಲು, ಹೋಗ್ಬೇಡ" ಎಂದು ಒಳಗೆ ಓಡಿ, ರಾಗಿಯ ಡಬ್ಬವನ್ನೂ ಅಜ್ಜಿಯ ಹಿತ್ತಾಳೆ ಪಾವನ್ನೂ ತಂದಳು. ಎರಡೂ ಮನೆಗಳಲ್ಲಿ ಗಂಜಿ ರಾಗಿಯದೇ. ಕಿಂಡಿಯಿಂದ ಕೈ ಚಾಚಿ ನ್ಯಾಂಬುರಾಳ ನಾರಿನ ಚೀಲಕ್ಕೆ ಮೊದಲ ಪಾವು ಸುರಿದಳು.

"ಲಾಭ."

ನ್ಯಾಂಬುರಾ ಹುಬ್ಬು ಗಂಟಿಕ್ಕಿದಳು. "ನೀನು ಕಲಿಸಿದ್ದು 'ಒಂದು' ಅಂತಲ್ವಾ?"

"ಅಜ್ಜಿ ಕಣದಲ್ಲಿ ರಾಗಿ ಅಳೆಯೋವಾಗ ಮೊದಲನೇದಕ್ಕೆ ಒಂದು ಅಂತಿರಲಿಲ್ಲ. ಲಾಭ ಅಂತಿದ್ಲು. ಒಂದು ಅಂದ್ರೆ ಒಂದಕ್ಕೇ ನಿಂತುಹೋಗುತ್ತೇನೋ ಅನ್ನೋ ಭಯ." ಪಾವನ್ನು ಮತ್ತೆ ಡಬ್ಬಕ್ಕೆ ಅದ್ದಿದಳು. "ನಮಗೂ ಆ ಭಯ ಇತ್ತು, ನ್ಯಾಂಬುರಾ. ನಾನೇ ಮರೆತಿದ್ದೆ."

ಮತ್ತೊಂದು ಪಾವು ಸುರಿದಳು. "ಲಾಭ." ಇನ್ನೊಂದು. "ಲಾಭ." ಎರಡು ಎನ್ನಲಿಲ್ಲ, ಮೂರು ಎನ್ನಲಿಲ್ಲ. ಪಾವು ಕಿಂಡಿಗೆ ತಾಗಿ ಒಂದಿಷ್ಟು ರಾಗಿ ಗೇಟಿನ ಅಡಿ ಚೆಲ್ಲಿತು. ಚೀಲ ಅರ್ಧ ತುಂಬಿದರೂ ಅವಳು ನಿಲ್ಲಿಸಲಿಲ್ಲ.

ಬೆನ್ನ ಮೇಲಿನ ಮಗು ಕಣ್ಣು ತೆರೆದು ಚೀಲವನ್ನು ನೋಡಿತು. "ಸಾಕು" ಎಂದಿತು.

ನ್ಯಾಂಬುರಾ ತುಟಿ ಬಿಗಿಹಿಡಿದಳು. ತಡೆಯಲಾಗಲಿಲ್ಲ, ನಗುವೋ ಅಳುವೋ ತಿಳಿಯದ ಒಂದು ಸದ್ದು ಹೊರಬಿತ್ತು. ಚೀಲವನ್ನು ಹೆಗಲಿಗೇರಿಸಿದಳು. ಎರಡು ಹೆಜ್ಜೆ ಹೋದವಳು ತಿರುಗಿ ಬಂದು, ಕಿಂಡಿಯ ಅಂಚಿನ ಕೀಲಿಯನ್ನು ತೆಗೆದು, ಸೊಂಟದ ಬಟ್ಟೆಯ ತುದಿಗೆ ಗಂಟು ಹಾಕಿಕೊಂಡಳು.

"ಸೋಮವಾರ?" ಭಾರ್ಗವಿ ಕೇಳಿದಳು.

"ದೇವರು ನಡೆಸಿದರೆ."

ಮುಟಿಸ್ಯಾ ಕಿಂಡಿ ಮುಚ್ಚಿದ. ಹೆಜ್ಜೆಗಳ ಸದ್ದು ಗೋಡೆಯಾಚೆ ಸ್ವಲ್ಪ ದೂರ ಕೇಳಿ ಅಡಗಿತು. ಭಾರ್ಗವಿ ಬರಿದಾದ ಪಾವನ್ನು ಹಿಡಿದು ಅಲ್ಲೇ ನಿಂತಿದ್ದಳು. ಗೇಟಿನ ಅಡಿ ಅರ್ಧ ಒಳಗೆ, ಅರ್ಧ ಹೊರಗೆ ಚೆಲ್ಲಿದ ರಾಗಿಯನ್ನು ಗುಬ್ಬಿಯೊಂದು ಹೆಕ್ಕುತ್ತಿತ್ತು. ಇತ್ತ ಬಂದು, ತಲೆ ತಗ್ಗಿಸಿ, ಅತ್ತ ಹೋಗಿ, ಮತ್ತೆ ಇತ್ತ ಬರುತ್ತಿತ್ತು.