ಕುಬೇರಪ್ಪನ ಹಂಜಿ

ಫ್ಯಾನಿನ ಗಾಳಿಗೆ ಎದ್ದ ಹತ್ತಿಯ ತುಣುಕೊಂದು ತೇಲಿಹೋಗಿ ಮೈಕು ಹಿಡಿದವಳ ಮೂಗಿನ ಮೇಲೆ ಕೂತಿತು, ಆಕೆಗೆ ತಿಳಿಯಲೇ ಇಲ್ಲ, ತಿಳಿಯುವುದಾದರೂ ಹೇಗೆ, ಹತ್ತಿಯ ಗುರುತಿದ್ದರಲ್ಲವೇ — ಕುಬೇರಪ್ಪ ಒಮ್ಮೆ ನೂತ ಎಳೆಯನ್ನು ಧಾರವಾಡದ ಕೆಲಗೇರಿ ಕೆರೆಯಿಂದ ಹುಬ್ಬಳ್ಳಿಯ ಉಣಕಲ್ ಕೆರೆಯವರೆಗೆ ಬಿಗಿದು ಕಟ್ಟಿದಾಗ ಅದರ ಮೇಲೆ ಚಿಗರಿ ಬಸ್ಸು ಓಡಿತ್ತು, ತುಂಬಿದ ಬಸ್ಸು, ನಿಂತವರೂ ಇದ್ದರು, ಎಳೆ ಜಗ್ಗಲಿಲ್ಲ, ಮಿಕ್ಕ ನೂಲನ್ನು ನೃಪತುಂಗ ಬೆಟ್ಟಕ್ಕೆ ಸುತ್ತಿ ಗಂಟು ಹಾಕಿಟ್ಟಿದ್ದ, ಆಷಾಢದ ಗಾಳಿಗೆ ಬೆಟ್ಟ ಹಾರಿಹೋಗದಿರಲಿ ಎಂದು. ಇಂಥವನನ್ನು ಕರೆದು, ಮಾಳಮಡ್ಡಿಯ ಸಭಾಭವನದ ವೇದಿಕೆಯಲ್ಲಿ ಮನೆಯಿಂದ ತಂದ ರಾಟಿಯ ಮುಂದೆ ಮದುವಣಿಗನ ಹಾಗೆ ಕೂರಿಸಿ, ಈ ಜಯಮಾಲಾ ಎಂಬ ಹುಡುಗಿ ಅವನಿಗೇ ನೂಲಿನ ಅರ್ಥ ಹೇಳುತ್ತಾಳೆ. ನೂಲು ಧ್ಯಾನ ಶಿಬಿರವಂತೆ. ಹತ್ತಿ ಅಂದ್ರ ನಮ್ಮ ಮನಸ್ಸು, ಅದರಾಗಿನ ಬೀಜ ಅಂದ್ರ ಕರ್ಮ, ನೂಲು ಸುತ್ತೋ ಕದಿರು ಅಂದ್ರ ಬೆನ್ನುಹುರಿ, ನೂಲು ಅಂದ್ರ ಉಸಿರು, ಹೌದಲ್ರೀ ಕಾಕಾ? ಹೌದ್ರೀ ತಾಯಿ, ಎಂದ ಕುಬೇರಪ್ಪ, ಹಲ್ಲು ಕಿಸಿದು, ಒಳಗೊಳಗೆ — ಬೀಜ ಅಂದರೆ ಕರ್ಮವೇ, ಅಮ್ಮಿನಬಾವಿಯಲ್ಲಿ ನಮ್ಮ ಎಮ್ಮೆ ಆ ಕರ್ಮವನ್ನು ಬುಟ್ಟಿಗಟ್ಟಲೆ ತಿನ್ನುತ್ತಿತ್ತು, ಹಾಲು ಗಟ್ಟಿಯಾಯಿತೇ ಹೊರತು ಎಮ್ಮೆಗೆ ಮೋಕ್ಷ ಸಿಕ್ಕಿದ್ದು ಕಾಣೆ. ಎದುರಿಗೆ ಕೂತವರನ್ನಾದರೂ ನೋಡು, ಗಂಜಿ ಹಾಕಿದ ಖಾದಿ ಜಾಕೀಟಿನ ನಿವೃತ್ತ ಪ್ರಾಧ್ಯಾಪಕರು, ಬಗ್ಗಿದರೆ ಲಟಕ್ಕನೆ ಮುರಿದಾರು, ಸೂಟ್‌ಕೇಸಿನಂಥ ಪೆಟ್ಟಿಗೆ ಚರಕ ತರಿಸಿಕೊಂಡ ಹೆಂಗಸರು, ನೂತದ್ದಕ್ಕಿಂತ ತೆಗೆದ ಫೋಟೋ ಹೆಚ್ಚು, ಅವರ ಎಳೆಯೋ, ಒಂದು ಕಡೆ ಜೇಡನ ಬಲೆ, ಒಂದು ಕಡೆ ಇಲಿ ನುಂಗಿದ ಹಾವು. ಊರಾಚೆಯ ಬೇಲೂರು ಕೈಗಾರಿಕಾ ಪ್ರದೇಶದಲ್ಲಿ ಕಾರ್ಖಾನೆ ಇಟ್ಟ ಸಾಹುಕಾರನೊಬ್ಬ ಕಣ್ಣು ಮುಚ್ಚಿದ್ದಾನೆ, ಧ್ಯಾನವಲ್ಲ, ನಿದ್ದೆ, ಇಡೀ ಸಭೆಯಲ್ಲಿ ಹರಿಯದೆ ಬರುತ್ತಿರುವ ಎಳೆ ಎಂದರೆ ಅವನ ಗೊರಕೆ ಒಂದೇ. ಲೋಕದಲ್ಲಿ ನೂಲು ಬಲ್ಲವರು ಇಬ್ಬರೇ, ಒಬ್ಬ ಕುಬೇರಪ್ಪ, ಇನ್ನೊಬ್ಬಳು — ಬೇಡ, ಅತ್ತ ನೋಡಬೇಡ. ನೋಡಿಬಿಟ್ಟ. ಮೂರನೆಯ ಸಾಲಿನ ತುದಿಯಲ್ಲಿ ಹೆಂಡತಿ ಕಾಳವ್ವ ಕೂತಿದ್ದಾಳೆ, ತನ್ನ ಬಲಗೈಯನ್ನು ಎಡಗೈಯಿಂದ ಎತ್ತಿ ತೊಡೆಯ ಮೇಲೆ ಇಟ್ಟುಕೊಂಡು, ನಿದ್ದೆಹೋದ ಕೂಸನ್ನು ಮಲಗಿಸಿಕೊಂಡ ಹಾಗೆ.

ಈ ಯುಗಾದಿಯ ಮರುದಿನ ಲಕ್ವಾ ಹೊಡೆಯುವವರೆಗೆ ಆ ಕೈ ರಾಟಿ ತಿರುಗಿಸದ ದಿನವಿರಲಿಲ್ಲ, ಬೆಳಗ್ಗೆ ಲಿಂಗಪೂಜೆ ಮುಗಿಸಿ, ಚಹಾಕ್ಕೂ ಮೊದಲು, ಬಾಯಿ ಮುಚ್ಚಿಕೊಂಡು ನೂಲುತ್ತಿದ್ದಳು, ಕುಬೇರಪ್ಪನ ಕೊರಳಲ್ಲಿ ಲಿಂಗ ಕಟ್ಟಿದ ಶಿವದಾರ ಅವಳ ಕೈಯದು, ಬಳಗದವರ ಕೊರಳಲ್ಲಿ ಇರುವುದೂ ಅವಳ ಕೈಯದೇ, ನೂಲುವಾಗ ಏನ ವಿಚಾರ ಮಾಡತೀ ಎಂದು ಒಮ್ಮೆ ಕೇಳಿದ್ದ, ಏನ ವಿಚಾರ್ರೀ, ಎಳಿ ಹರೀಬಾರದು, ಅಷ್ಟ, ನೀವು ಸುಮ್ಮಕ ಕೂಡ್ರಿ — ಮೈಕು ಬೇಕಾಗಿರಲಿಲ್ಲ, ಬೆನ್ನುಹುರಿಯೂ ಬೇಕಾಗಿರಲಿಲ್ಲ. ಆದರೆ ಉಪ್ಪಿನಬೆಟಗೇರಿಯ ಅವಳ ತವರು ಮನೆಯಲ್ಲಿ ಒಂದು ಪದ್ಧತಿ, ತಾನು ನೂತದ್ದು ತನ್ನ ಕೊರಳಿಗೆ ಬರಬಾರದು, ಲಿಂಗ ಕಟ್ಟುವ ದಾರ ಇನ್ನೊಬ್ಬರು ನೂತು ಕೊಟ್ಟಿರಬೇಕು. ಅವಳಿಗೆ ನೂತು ಕೊಡುತ್ತಿದ್ದ ಅತ್ತಿಗೆ ಲಕ್ಷ್ಮೀಬಾಯಿ ತೀರಿಕೊಂಡ ಮೇಲೆ ಹಳೆಯ ದಾರಕ್ಕೇ ಗಂಟಿನ ಮೇಲೆ ಗಂಟು ಹಾಕಿಕೊಂಡಳು, ಅಂಗಡಿಯದು ಒಲ್ಲೆ ಎಂದಳು. ಆಸ್ಪತ್ರೆಯಿಂದ ಮನೆಗೆ ಬಂದ ದಿನ ಕೊರಳು ಮುಟ್ಟಿ ನೋಡಿಕೊಂಡಳು, ಇದು ಹರದ್ರ ಲಿಂಗ ಜಾರಿ ಬೀಳತೈತ್ರೀ, ನನಗೊಂದು ಎಳಿ ಇನ್ನ ಯಾರು ನೂತು ಕೊಡತಾರ? ಯಾರಂದ್ರ? ಎಂದ ಕುಬೇರಪ್ಪ, ನಾ ಏನ ಸತ್ತೇನೇನು? ನಾ ನೂತ್ರ ಹುಬ್ಬಳ್ಳಿ ಮಿಲ್ಲಿನವರು ಬಂದು ನನ್ನ ಕಾಲಿಗೆ ಬೀಳಬೇಕು! ನಕ್ಕಳು, ಅರ್ಧ ಬಾಯಿಯಲ್ಲಿ, ಇನ್ನರ್ಧ ಬಾಯಿ ಕೇಳಲಿಲ್ಲ, ಆ ಅರ್ಧ ನಗೆಯ ಉಬ್ಬಿಗೆ ಓಣಿಗೆಲ್ಲ ಹೇಳಿಕೊಂಡು ಬಂದ, ಓಣಿ ಜಯಮಾಲಾಳಿಗೆ ಹೇಳಿತು, ಆಕೆ ಕರಪತ್ರದಲ್ಲೇ ಹಾಕಿಸಿದಳು, ಪತ್ನಿಯ ಶಿವದಾರಕ್ಕಾಗಿ ಪತಿ ನೂಲುವ ಪವಿತ್ರ ಗಳಿಗೆ — ಪವಿತ್ರವಂತೆ. ಪಿಂಜಾರ ಖಾದರಬಾಷಾ ಮಾತ್ರ, ಹತ್ತಿ ಹಿಂಜಿ ಬೆರಳುದ್ದದ ಹಂಜಿ ಸುತ್ತಿಕೊಡುವ ಹಳೆಯ ದೋಸ್ತ, ಹೊಟ್ಟೆ ಹಿಡಿದುಕೊಂಡು ನಕ್ಕ, ಕುಬೇರಣ್ಣಾ, ಕಾಳವ್ವ ವೈನಿ ಕೈಯಾಗ ಕೊಟ್ರ ನೂಲಾಗತೈತಿ, ನಿನ್ನ ಕೈಯಾಗ ಕೊಟ್ಟದ್ದು ನಮ್ಮ ಗಾದಿ ತುಂಬಾಕೂ ಬರಂಗಿಲ್ಲೋ! ಹಂಜಿ ಕೊಡಲೇ, ಭಾಷಣ ಬ್ಯಾಡ, ಎಂದು ಗದರಿಸಿ ತಂದ, ಹಿತ್ತಲ ಕೋಣೆಯ ಬಾಗಿಲು ಹಾಕಿಕೊಂಡು ಕೂತ, ದಿನಾ ಕೂತ, ಮತ್ತೆ — ಮತ್ತೆ ಏನಾಯಿತೋ ಅದು ಈಗ ಬೇಡ, ಕಾಕಾ ಅವರು ಈಗ ನೂತು ತೋರಸ್ತಾರ, ಎಲ್ಲಾರೂ ಉಸಿರಿನ ಮ್ಯಾಲೆ ಲಕ್ಷ್ಯ ಇಡ್ರಿ, ಎನ್ನುತ್ತಿದ್ದಾಳೆ ಜಯಮಾಲಾ.

ಚಪ್ಪಾಳೆ. ಎಡಗೈಯಲ್ಲಿ ಹಂಜಿ ಹಿಡಿಯುತ್ತಾನೆ, ಹೊಸದು, ತುಂಬಿದ್ದು, ಕದಿರಿನ ಮೇಲೆ ಮೊದಲೇ ಒಂದಿಷ್ಟು ನೂಲು ಸುತ್ತಿದೆ, ಅದರ ತುದಿಯನ್ನು ಹಂಜಿಯ ಜೊತೆಗೇ ಮುಷ್ಟಿಯಲ್ಲಿ ಅಡಗಿಸಿಕೊಂಡರೆ ಮುಗಿಯಿತು, ರಾಟಿಯನ್ನು ಹಿಂದಕ್ಕೆ ತಿರುಗಿಸು, ನೂಲು ಬಿಚ್ಚಿಕೊಂಡು ಬರುತ್ತದೆ, ಕೈ ಠೀವಿಯಿಂದ ಮೇಲೆ ಹೋಗಲಿ, ಮುಂದಕ್ಕೆ ತಿರುಗಿಸು, ಹೋಗಿ ಸುತ್ತಿಕೊಳ್ಳುತ್ತದೆ, ಅದೇ ಒಂದು ತೋಳುದ್ದದ ನೂಲು, ಬರುತ್ತದೆ, ಹೋಗುತ್ತದೆ, ನೋಡ್ರಿ, ಉಸಿರು ಹೊರಗ, ಉಸಿರು ಒಳಗ, ಎನ್ನುತ್ತಾಳೆ ಹುಡುಗಿ ರಾಗವಾಗಿ — ಅಯ್ಯೋ ಮಂಗಗಳಿರಾ, ನೂಲುವುದಕ್ಕೂ ಬಿಚ್ಚುವುದಕ್ಕೂ ಫರಕು ತಿಳಿಯದ ನಿಮಗೆ ಅಧ್ಯಾತ್ಮ ಬೇರೆ, ಪ್ರಾಧ್ಯಾಪಕರ ಕಣ್ಣಲ್ಲಿ ನೀರು, ಶೂನ್ಯದಿಂದ ಸೃಷ್ಟಿ ಎಂದು ಪಕ್ಕದವರ ಕಿವಿಯಲ್ಲಿ ಉಸುರುತ್ತಾರೆ, ಸಾಹುಕಾರನಿಗೂ ಎಚ್ಚರವಾಯಿತು, ಒಬ್ಬಾಕೆ ಕೈ ಮುಗಿದಳು, ಯಾರಿಗೆ ಮುಗಿದಳು, ಹಿಂದೆ ತಿರುಗುವ ರಾಟಿಗೆ. ಫ್ಯಾನು ತಿರುಗುತ್ತಿದ್ದರೂ ಅಂಗೈ ಬೆವರುತ್ತಿದೆ, ಹಂಜಿ ಒದ್ದೆಯಾಗುತ್ತಿದೆ, ಇಷ್ಟು ಹೊತ್ತಿಗೆ ಅದು ಮುಗಿದು ಇನ್ನೊಂದು ಹಂಜಿ ಹಚ್ಚಬೇಕಿತ್ತು, ಕಾಳವ್ವನ ಕೈಯಲ್ಲಿ ಅದು ಕರಗುತ್ತಿತ್ತು, ಬಾಯೊಳಗಿನ ಸಕ್ಕರೆಯ ಹಾಗೆ, ಇಲ್ಲಿ — ಯಾರು ನೋಡುತ್ತಾರೆ, ಇವರೆಲ್ಲ ನೋಡುವುದು ಎಳೆಯನ್ನು. ಸಾಕು. ಕದಿರಿನಿಂದ ನೂಲಿನ ಉಂಡೆಯನ್ನು ಕಳಚಿಕೊಂಡ, ಹೊಸೆದು ದಾರ ಮಾಡುವುದು ಮನೆಗೆ ಹೋದ ಮೇಲೆ, ಈಗ ಆಕೆಯ ಕೈಗಿಟ್ಟರೆ ಆಯಿತು, ಮೆಟ್ಟಿಲಿಳಿದ, ಮೊದಲ ಸಾಲು ಎದ್ದು ನಿಂತಿತು, ಎರಡನೆಯದೂ ಎದ್ದಿತು, ಕಾಳವ್ವ ಏಳಲಿಲ್ಲ. ತಗೋ, ಎಂದು ಬಲಗೈ ಚಾಚಿದ, ನೀ ಕೇಳಿದ್ಯಲ್ಲಾ, ತಗೋ, ನೋಡು ಹೆಂಗ ಐತಿ. ಅವಳು ಅದನ್ನು ನೋಡಲಿಲ್ಲ. ಇನ್ನೊಂದು ಕೈಯಾಗ ಏನೈತ್ರೀ? ಏನೂ ಇಲ್ಲ. ತೋರಸ್ರಿ. ಹಂಜಿ ಐತಿ, ಬಿಡು. ಅದನ್ನ ತೋರಸ್ರಿ. ಒಂದೇ ಕೈಯಿಂದ ಅವನ ಬೆರಳುಗಳನ್ನು ಒಂದೊಂದಾಗಿ ಬಿಡಿಸಿದಳು, ಎಡಗೈಗೂ ಎಲ್ಲಿಂದ ಬಂತು ಆ ಹದ, ಖಾದರಣ್ಣ ಕೊಟ್ಟಾಗ ಎಷ್ಟಿತ್ತೋ ಇನ್ನೂ ಅಷ್ಟ ಐತಲ್ರೀ, ಇದು ಸವದ ಇಲ್ಲ, ಎಂದಳು. ಬಾಯಿ ತೆರೆದ, ಮಾತು ಸಿದ್ಧವೇ ಇತ್ತು, ನಾ ಎಳೆಯುವ ನೂಲು ಎಷ್ಟು ಸಣ್ಣದೆಂದರೆ ಒಂದು ಹಂಜಿಯಲ್ಲಿ ಇಡೀ ಧಾರವಾಡಕ್ಕೆ ಅಂಗಿ ಹೊಲಿಸಿದರೂ ಹಂಜಿಗೆ ತಿಳಿಯುವುದಿಲ್ಲ, ಹೇಳಿದರೆ ಅರ್ಧ ಬಾಯಿಯಲ್ಲಿ ನಕ್ಕಾಳು, ಆದರೆ ಅವಳ ಎಡಗೈ ಕೊರಳಿಗೆ ಹೋಗಿತ್ತು, ಗಂಟುಗಳ ಮೇಲೆ, ನಗಲಿಲ್ಲ. ನನಗ ನೂಲಾಕ ಬರಂಗಿಲ್ಲ, ಕಾಳವ್ವಾ. ಹಿತ್ತಲ ಖೋಲ್ಯಾಗ ದಿನಾ ಕೂತು ನೋಡೇನಿ, ಗೇಣುದ್ದ ಬರೂದ್ರಾಗ ಹರೀತೈತಿ. ಈ ನೂಲು ನಿಂದ. ಯುಗಾದಿ ದಿವಸ ನೀ ಕದಿರಿನ ಮ್ಯಾಲೆ ಅರ್ಧಕ್ಕ ಬಿಟ್ಟದ್ದು. ನಿಂದು ನಿನಗ ಕಟ್ಟಾಕ ಹೊಂಟಿದ್ದೆ — ಹಿಂದೆ ಯಾರೋ ಇನ್ನೂ ಚಪ್ಪಾಳೆ ತಟ್ಟುತ್ತಿದ್ದರು, ಉಸಿರು ಒಳಗ, ಎನ್ನುತ್ತಿತ್ತು ಮೈಕು, ತಲೆಯೊಳಗೆ ಬಸ್ಸೂ ಇಲ್ಲ, ಬೆಟ್ಟವೂ ಇಲ್ಲ, ತೆರೆದ ಅಂಗೈ, ಅಂಗೈಯ ಮೇಲೆ ಹಂಜಿ, ಬೆವರಿಗೆ ತುಸು ಬಾಗಿದ, ತನ್ನದೇ ಬೆರಳ ಗುರುತು ಮೂಡಿದ, ತುಂಬಿದ ಹಂಜಿ.