ಗಣಿತದ ರ‍್ಯಾಕಿನಲ್ಲಿ ನೀರಿನ ಪುಸ್ತಕ

ನನ್ನ ಮಗಳು ಮಧುಶ್ರೀ ಇತಿಹಾಸದಲ್ಲಿ ಎಂ.ಎ. ಓದುತ್ತಿದ್ದಾಳೆ. ಬೇತಮಂಗಲದ ಕೆರೆ ನೀರು ಚಿನ್ನದ ಗಣಿಯ ನಮ್ಮೂರು ಊರಿಗಾಂನಲ್ಲಿ ಕಾರ್ಮಿಕರಿಗೆ ಸಾಲಾಗಿ ಕಟ್ಟಿದ ಲೈನ್‌ಮನೆಗಳಿಗೆ ಹೇಗೆ ಬಂತು ಎಂದು ಅವಳು ಪ್ರಬಂಧ ಬರೆಯಬೇಕು. ಸೋಮವಾರ ಮೊದಲ ಅಧ್ಯಾಯ ಕೊಡದಿದ್ದರೆ ಈ ವಿಷಯವೇ ಬೇಡ, ಬೇರೆ ಹಿಡಿ ಎಂದು ಮೇಷ್ಟ್ರು ಹೇಳಿಬಿಟ್ಟಿದ್ದರು. ಶುಕ್ರವಾರ ಸಾಯಂಕಾಲ ಅಳುತ್ತಾ ಬಂದಳು.

"ಪುಸ್ತಕ ಕಳೆದೋಯ್ತಮ್ಮ."

"ರೈಲಲ್ಲಿ ಬಿಟ್ಯೇನೇ?"

"ಇಲ್ಲ. ಲೈಬ್ರರೀಲೇ. ನಾನೇ ಬಚ್ಚಿಟ್ಟಿದ್ದೆ."

ಆ ನೀರಿನ ವಿಷಯದ ಹಳೆಯ ಪುಸ್ತಕ, ಇರುವುದೊಂದೇ ಪ್ರತಿ. ಮನೆಗೆ ಕೊಡುವುದಿಲ್ಲ, ಅಲ್ಲೇ ಕೂತು ಓದಬೇಕು. ತಾನು ಹೋದ ದಿನ ಬೇರೆಯವರ ಕೈಯಲ್ಲಿ ಇರಬಾರದೆಂದು ಇವಳು ಅದನ್ನು ಗಣಿತದ ಪುಸ್ತಕಗಳ ಹಿಂದೆ ತುರುಕಿ ಬಂದಿದ್ದಳು. ಈ ಬುದ್ಧಿ ಹೇಳಿಕೊಟ್ಟವನು ನನ್ನ ಗಂಡ ಶ್ರೀನಿವಾಸಪ್ಪ. ರೈಲು ನಿಲ್ಲುವ ಮೊದಲೇ ಕಿಟಕಿಯಿಂದ ಟವೆಲ್ ಎಸೆದು ಸೀಟು ಹಿಡಿಯುವ ಮನುಷ್ಯ.

"ಟವೆಲ್ ಆಕಿದ್ ಮೇಲೆ ಯಾರಾದ್ರೂ ಮುಟ್ತಾರಾ?" ಎಂದು ಆಗಲೂ ವಾದಕ್ಕೆ ಬಂದ.

"ನಿನ್ ಟವೆಲ್‌ಗೆ ಬೆಂಕಿ ಆಕ! ಸೀಟು ಎದ್ದು ಓಗಲ್ಲ ಕಣಯ್ಯ. ಪುಸ್ತಕ ಓಗೈತೆ."

ಯಾವನೋ ಕದ್ದಿದ್ದಾನೆ ಎಂದೇ ನನ್ನ ಲೆಕ್ಕ. ಮರುದಿನ ಬಂಗಾರಪೇಟೆಗೆ ರೈಲು, ಅಲ್ಲಿಂದ ಬಸ್ಸು ಹಿಡಿದು ವಿಶ್ವವಿದ್ಯಾಲಯಕ್ಕೆ ನಾನೂ ಹೋದೆ. ಕೌಂಟರಿನಲ್ಲಿ ಕನ್ನಡಕದ ಹೆಂಗಸೊಬ್ಬಳು ಕೂತಿದ್ದಳು. ಸುಕನ್ಯ ಮೇಡಂ ಎಂದು ಮಗಳು ಪಿಸುಗುಟ್ಟಿದಳು.

"ನನ್ ಮಗಳ ಪುಸ್ತಕ ಯಾರು ತಗಂಡ್ರಿ?" ಎಂದು ಕೇಳಿದೆ. ಓದುತ್ತಿದ್ದವರೆಲ್ಲ ತಲೆ ಎತ್ತಿದರು. ಮಗಳು ಹಿಂದಿನಿಂದ ಸೆರಗು ಜಗ್ಗಿದಳು.

"ಮಗಳ ಪುಸ್ತಕಾನಾ, ಲೈಬ್ರರಿ ಪುಸ್ತಕಾನಾ?"

"ಲೈಬ್ರರೀದೇ. ಓದೋಳು ಇವಳು!"

ಪುಸ್ತಕದ ಹೆಸರು ಕೇಳಿದ್ದೇ ಸುಕನ್ಯ ನಕ್ಕಳು. "ಓ, ಗಣಿತದ ಹಿಂದೆ ಸಿಕ್ಕಿದ್ದು! ವಾರಕ್ಕೊಂದು ಸಲ ರ‍್ಯಾಕ್ ಎಲ್ಲ ಸರಿಮಾಡ್ತೀವಮ್ಮ. ತುರುಕಿ ತುರುಕಿ ಅದರ ಬೆನ್ನು ಕಿತ್ತುಹೋಗಿತ್ತು. ಬೈಂಡಿಂಗಿಗೆ ಕಳಿಸಿದೀವಿ. ಮುಂದಿನ ತಿಂಗಳು ಬರುತ್ತೆ."

ಮಧುಶ್ರೀ ಮುಖ ಬಾಡಿತು. ನನಗೆ ರೇಗಿತು.

"ಮುಂದಿನ ತಿಂಗಳು ಬಂದ್ರೆ ಅದಕ್ಕೆ ಪೂಜೆ ಮಾಡಾದಾ? ಸೋಮವಾರಕ್ಕೆ ಬೇಕು!"

"ಕೂಗ್ಬೇಡಿ, ದಾರಿ ಇದೆ. ಹಳೇ ಪುಸ್ತಕಾನ ಬೈಂಡಿಂಗಿಗೆ ಕೊಡೋ ಮುಂಚೆ ಸ್ಕ್ಯಾನ್ ಮಾಡಿಡ್ತೀವಿ. ಇವಳು ಲಾಗಿನ್ ಆದ್ರೆ ಮನೇಲೇ ಕೂತು ಓದಬಹುದು." ಮಗಳ ಕಡೆ ತಿರುಗಿ, "ಲಾಗಿನ್ ತಗೊಂಡಿಲ್ವಾ? ಮೊದಲ ವಾರಾನೇ ಎಲ್ಲರನ್ನೂ ಕರೆದು ತೋರಿಸಿದ್ವಲ್ಲ?" ಎಂದಳು.

"ಅವತ್ತು ರೈಲಿಗೆ ಹೊತ್ತಾಯ್ತು ಅಂತ ಹೋಗ್ಬಿಟ್ಟೆ, ಮೇಡಂ."

"ಆಮೇಲಾದ್ರೂ ಕೇಳಬಹುದಿತ್ತು."

"ಎಂ.ಎ.ಗೆ ಬಂದು ಇಷ್ಟೂ ಗೊತ್ತಿಲ್ವಾ ಅಂತೀರೇನೋ ಅಂತ..."

"ನೀವು ಕೇಳಲಿ ಅಂತಾನೇ ನನ್ನ ಇಲ್ಲಿ ಕೂರಿಸಿರೋದು. ಕೇಳದೇ ಇದ್ರೆ ನಾನು ಗಣಿತದ ಹಿಂದೆ ಇತಿಹಾಸ ಹುಡುಕ್ತಾ ಇರಬೇಕಾಗುತ್ತೆ."

ಈ ಹೆಂಗಸು ನನಗೆ ಇಷ್ಟವಾಗಿದ್ದು ಆಗ. ಬಯ್ಯುವುದನ್ನು ನೇರವಾಗಿ ಬಯ್ದಳು, ಬಯ್ಯುತ್ತಲೇ ಲಾಗಿನ್ನೂ ಮಾಡಿಕೊಟ್ಟಳು. ಕಂಪ್ಯೂಟರಿನಲ್ಲಿ ಆ ಪುಸ್ತಕ, ಹಳದಿಗೆ ತಿರುಗಿದ ಹಾಳೆಗಳ ಸಮೇತ, ತೆರೆದುಕೊಂಡಿತು. ಮಧುಶ್ರೀ ಬರೆಯಲು ಕೂತಳು. ಸ್ವಲ್ಪ ಹೊತ್ತಿಗೆ ತಾನೇ ಎದ್ದು ಕೌಂಟರಿಗೆ ಹೋದಳು.

"ಮೇಡಂ, ಆಗಿನ ಪೈಪ್‌ಲೈನ್ ನಕ್ಷೆ ಸಿಗುತ್ತಾ?"

"ನಮ್ಮಲ್ಲಿಲ್ಲ. ಬೇರೆ ಲೈಬ್ರರಿಗೆ ಬರೆದು ತರಿಸ್ತೀನಿ. ಸೋಮವಾರಕ್ಕೆ ಈ ಪುಸ್ತಕ ಸಾಕು, ಬರಿ."

ನಾನು ಫ್ಯಾನಿನ ಕೆಳಗೆ ಪೇಪರ್ ಹಿಡಿದು ಕೂತೆ. ಗಂಡ ಫೋನ್ ಮಾಡಿದ. "ಸಿಕ್ತು. ಅನ್ನ ನೀನೇ ಮಾಡ್ಕ, ನಾವು ಸಾಯಂಕಾಲ ಬತ್ತೀವಿ" ಎಂದು ಇಟ್ಟೆ. ಮಧ್ಯಾಹ್ನದ ಬಸ್ಸು ಹೋಗಿದ್ದೂ ತಿಳಿಯಲಿಲ್ಲ.

ಮಧುಶ್ರೀ ಬರೆಯುವುದು ನಿಲ್ಲಿಸಿ ನನ್ನ ಕಡೆ ಬಾಗಿದಳು. "ಅಮ್ಮ, ನಲ್ಲಿ ಹತ್ರ ಅಜ್ಜಿ ನೀರಿಗೆ ಜಗಳ ಆಡ್ತಿದ್ರಂತಲ್ಲ, ಎಲ್ಲಿತ್ತು ಆ ನಲ್ಲಿ?"

"ಲೈನ್ ಕೊನೇಲಿ! ಇಡೀ ಸಾಲಿಗೆ ಅದೊಂದೇ!" ಎಂದೆ.

ಸುಕನ್ಯ ಅಲ್ಲಿಂದಲೇ ತುಟಿಗೆ ಬೆರಳಿಟ್ಟಳು. ಉಳಿದ ಜಗಳವನ್ನು ಮಗಳ ಕಿವಿಯಲ್ಲಿ ಹೇಳಿದೆ. ಅವಳು ನಗುತ್ತಾ ಬರೆದುಕೊಂಡಳು.