ಗೆರೆಯಿಲ್ಲದ ಬೆರಳು

ಹಾಲಮ್ಮನಿಗೆ ಬೇಕಾಗಿದ್ದದ್ದು ಒಂದು ಎಮ್ಮೆ. ಅಡಿಕೆ ಸುಲಿಯುವ ಕೂಲಿ ಸುಗ್ಗಿಯ ಕಾಲಕ್ಕೆ ಮಾತ್ರ; ಕುಂಸಿಯ ಡೇರಿಗೆ ಹಾಲು ಹಾಕಿದರೆ ವರ್ಷಪೂರ್ತಿ ಕೈಯಲ್ಲಿ ಕಾಸಾಡುತ್ತದೆ. ಊರಿನ ಜಯಪ್ಪ ಆಗಷ್ಟೇ ಕರು ಹಾಕಿದ ಎಮ್ಮೆಯನ್ನು ಮಾರಲು ನಿಂತಿದ್ದ. ಮನೆಬಾಗಿಲಿಗೇ ಬಂದು ಸಾಲ ಕೊಡುವ ಫೈನಾನ್ಸಿನವರೇನೋ ಇದ್ದರು. ಆದರೆ ವಾರದ ಕಂತು ತಪ್ಪಿದ ಮನೆಯ ಮುಂದೆ ಅವರು ಕೂತು ಕೂಗಾಡುವುದನ್ನು ಅವಳು ಕಂಡಿದ್ದಳು. ಕಡಿಮೆ ಬಡ್ಡಿಯ ಸಾಲಕ್ಕೆ ಬ್ಯಾಂಕೇ ಸರಿ ಎಂದು ಶಿವಮೊಗ್ಗದ ಬಸ್ಸು ಹತ್ತಿದಳು.

ಬ್ಯಾಂಕಿನ ಸಾಲದ ವಿಭಾಗದಲ್ಲಿದ್ದ ಹುಡುಗ ಮಲ್ಲಿಕ್ ಒಳ್ಳೆಯವನೇ. ಕೂರಿಸಿ ಮಾತಾಡಿಸಿದ. ಆಧಾರ್ ನೋಡಿ, ಬೆರಳು ಒತ್ತುವ ಯಂತ್ರವನ್ನು ಮುಂದಿಟ್ಟ. ಒಂದೊಂದಾಗಿ ಎಲ್ಲ ಬೆರಳನ್ನೂ ಒತ್ತಿದ್ದಾಯಿತು. ಪ್ರತಿ ಸಲವೂ ಕೆಂಪು ದೀಪ.

"ಏನಮ್ಮ, ಬೆರಳಲ್ಲಿ ಗೆರೇನೇ ಇಲ್ವಲ್ಲ!"

"ಅಡಿಕೆ ಸುಲ್ದು ಸುಲ್ದು ಸವ್ದೋಗಿದೆ ಸಾರ್."

"ಸ್ವಲ್ಪ ದಿನ ಕೆಲ್ಸ ಬಿಟ್ಟು, ಕೊಬ್ರಿ ಎಣ್ಣೆ ಹಚ್ಕೊಂಡು ಬನ್ನಿ."

"ಕೆಲ್ಸ ಬಿಟ್ಟು ಕೂರೋ ಹಂಗಿದ್ರೆ ಸಾಲ ಯಾಕೆ ಕೇಳ್ತಿದ್ದೆ?"

ಆದರೂ ಬಿಟ್ಟಳು. ಸುಗ್ಗಿಯ ಕೂಲಿ ಕಳೆದುಕೊಂಡು, ಎಣ್ಣೆ ಹಚ್ಚಿದ ಕೈಯನ್ನು ಮಡಿಲಲ್ಲಿಟ್ಟುಕೊಂಡು ಕೂತಳು. ಗಂಡ ಚೌಡಯ್ಯ ಒಬ್ಬನ ದುಡಿಮೆಯಲ್ಲಿ ಮನೆ ನಡೆಯಿತು. ಮತ್ತೆ ಹೋದಾಗಲೂ ಕೆಂಪು ದೀಪವೇ. ಈಗ ಮಲ್ಲಿಕ್ ಇನ್ನೊಂದು ತೊಡಕು ಹುಡುಕಿದ. ಚೌಡಯ್ಯ ಭದ್ರಾವತಿಯಲ್ಲಿ ಕಾಂಟ್ರಾಕ್ಟ್ ಕೆಲಸಕ್ಕಿದ್ದಾಗ ಹಾಲಮ್ಮನ ಖಾತೆ ತೆರೆದದ್ದು ಅಲ್ಲಿಯ ಶಾಖೆಯಲ್ಲಿ. ಬೆರಳಿನ ತೊಂದರೆಯನ್ನು ಅಲ್ಲೇ ಸರಿ ಮಾಡಿಸಿಕೊಂಡು ಬರಬೇಕಂತೆ.

ಭದ್ರಾವತಿಯಲ್ಲಿ ಮೊದಲ ದಿನ ನೆಟ್‌ವರ್ಕ್ ಇಲ್ಲ. ಮರುದಿನ ಕೌಂಟರಿನವನು ತಲೆ ಎತ್ತದೆ, "ಸಾಲ ಶಿವಮೊಗ್ಗದಲ್ಲಿ ತಾನೆ? ಅಲ್ಲೇ ಮಾಡ್ಸಿ," ಎಂದ.

ಹಾಲಮ್ಮನ ತಾಳ್ಮೆ ಅಲ್ಲಿಗೆ ಮುಗಿಯಿತು. ಎರಡೂ ಕೈಯನ್ನು ಗಾಜಿನ ಸಂದಿಯಿಂದ ಒಳಗೆ ತೂರಿಸಿದಳು.

"ಅವ್ರು ಇಲ್ಲಿಗೆ ಅಂತಾರೆ, ನೀವು ಅಲ್ಲಿಗೆ ಅಂತೀರಿ. ಈ ಕೈ ನಂದಲ್ಲ ಅಂತಾದ್ರೆ ಯಾರ್ದು ಅಂತ ನೀವೇ ಹೇಳಿ! ಹೇಳೋವರ್ಗೂ ನಾನಿಲ್ಲಿಂದ ಹೋಗಲ್ಲ."

ಹಿಂದಿನ ಮೇಜಿನಿಂದ ಇಂಪನಾ ಎಂಬ ಅಧಿಕಾರಿ ಎದ್ದು ಬಂದು, ಮೊಬೈಲನ್ನು ಹಾಲಮ್ಮನ ಮುಖಕ್ಕೆ ಹಿಡಿದಳು.

"ಇಲ್ಲಿ ನೋಡಿ ಅಮ್ಮ. ಒಂದ್ಸಲ ಕಣ್ಣು ಮಿಟುಕ್ಸಿ. ಹಾಂ, ಆಯ್ತು."

"ಏನಾಯ್ತು?"

"ಆಧಾರ್ ಫೋಟೋಗೆ ನಿಮ್ಮ ಮುಖ ಹೊಂದ್ತು. ಇನ್ನು ಬೆರಳು ಬೇಡ."

"ಇದು ಮೊದ್ಲಿಂದ್ಲೂ ಇತ್ತಾ?"

"ಇತ್ತಮ್ಮ," ಎಂದಳು ಇಂಪನಾ, ತುಸು ನಾಚಿ.

ಸಂತೋಷಪಡಬೇಕಾದ ಹಾಲಮ್ಮನಿಗೆ ಮೈಯೆಲ್ಲ ಉರಿಯಿತು. ಸಾಲದ ಹಣ ಖಾತೆಗೆ ಬಂದ ದಿನ ಮಲ್ಲಿಕ್‌ನನ್ನು "ಮುಖ ತೋರ್ಸಿದ್ರೆ ಸಾಕು ಅಂತ ಮೊದ್ಲೇ ಯಾಕೆ ಹೇಳ್ಲಿಲ್ಲ?" ಎಂದು ಕೇಳಿಯೇಬಿಟ್ಟಳು. "ನಂಗೂ ಗೊತ್ತಿರ್ಲಿಲ್ಲ ಅಮ್ಮ," ಎಂದು ಅವನು ತಲೆ ತಗ್ಗಿಸಿದ.

ಅಷ್ಟರಲ್ಲಿ ಜಯಪ್ಪನ ಎಮ್ಮೆ ಬೇರೆಯವರ ಪಾಲಾಗಿತ್ತು. ಅಲೆದಲೆದು ಶಂಕರಘಟ್ಟದ ಕಡೆಯಿಂದ ತಂದ ಎಮ್ಮೆಗೆ ಹಾಲು ಕಡಿಮೆ, ಒದೆಯುವ ಚಾಳಿ ಬೇರೆ.

"ಬಂತಲ್ಲ, ಸಾಕು ಬಿಡು ಮಾರಾಯ್ತಿ," ಎಂದ ಚೌಡಯ್ಯ.

"ನೀವು ಹಾಲು ಕರೀರಿ, ಗೊತ್ತಾಗುತ್ತೆ," ಎಂದು ರೇಗಿದ ಹಾಲಮ್ಮ, ಎಮ್ಮೆಯ ಹಿಂಗಾಲಿಗೆ ಹಗ್ಗ ಬಿಗಿದು ತಾನೇ ಕರೆಯಲು ಕೂತಳು.